ಬಡಗಣ ಗೋಡೆಗೊಂದು ಗಿಡ

ನೆರಳು ಅಂದರೆ ನಮ್ಮ ಮಡಕಶಿರಾ ಸೀಮೆಯಲ್ಲಿ ಆಸ್ತಿ. ಯಾರ ಹೊಲದಲ್ಲಿ ನೆರಳಿದೆಯೋ ಅವನ ಬಾವಿಯಲ್ಲಿ ನೀರಿದೆ ಎಂದು ಲೆಕ್ಕ. ಹಿಂದೆ ಹೆಣ್ಣು ಕೊಡುವವರು ಬಂದರೆ ಮನೆ ನೋಡುವ ಮೊದಲು ತೋಟ ನೋಡುತ್ತಿದ್ದರು. ಅಡಿಕೆ ಮರದ ಕೆಳಗೆ ನಿಂತು ತಲೆಯೆತ್ತಿ ಆಕಾಶ ಎಷ್ಟು ಕಾಣುತ್ತದೆ ಅಂತ ಅಳೆಯುತ್ತಿದ್ದರು. ಆಕಾಶ ಕಮ್ಮಿ ಕಂಡಷ್ಟೂ ಸಂಬಂಧ ಗಟ್ಟಿ! ಅಗಳಿ, ಅಮರಾಪುರ, ರೊಳ್ಳ, ಗುಡಿಬಂಡೆ ಕಡೆಯ ಯಾವ ಹಳೆಯ ರೈತನನ್ನು ಕೇಳಿದರೂ ಇದನ್ನೇ ಹೇಳುತ್ತಾನೆ. ಈಗ ಬೋರ್‌ವೆಲ್‌ಗಳು ಒಂದೊಂದಾಗಿ ಬತ್ತಿ, ಅಡಿಕೆ ಸುಳಿ ಒಣಗಿ, ಆಕಾಶ ಜಾಸ್ತಿಯಾಗುತ್ತಿದೆ. ನಮ್ಮದೇ ಎರಡೆಕರೆಯಲ್ಲಿ ಅರ್ಧ ಹೋಯಿತು.

ಅಂಥ ಊರಿನವನಾದ ನಾನು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ರಾಲಿ ಪಟ್ಟಣಕ್ಕೆ ಹೋದಾಗ ಕೇಳಿದ ಮೊದಲ ದೂರು, ‘ನಮ್ಮ ಮನೆಗೆ ನೆರಳು ಜಾಸ್ತಿ’ ಎಂಬುದು. ಮಗಳು, ಅಳಿಯ ಅಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಹೋಗಿ, ಆರು ತಿಂಗಳಿಗೆ ಒಂದು ವಾರ ಕಮ್ಮಿ ಇದ್ದು ಬಂದೆ. ಅಲ್ಲಿನ ರಸ್ತೆ, ಅಂಗಡಿ, ಮಾಲ್‌ಗಳ ವರ್ಣನೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಒಂದು ಗಿಡದ ವಿಷಯ ಮಾತ್ರ ಬರೆಯುತ್ತೇನೆ. ಅದರ ಹೆಸರು ಪ್ಲಮ್ ಯೂ.

ಮೊದಲು ಜಾಗದ ಲಕ್ಷಣ ಹೇಳಬೇಕು. ಮನೆಯ ಹಿಂಬದಿ ಬಡಗಣಕ್ಕೆ. ಗೋಡೆಯ ಉದ್ದಕ್ಕೂ ನಲವತ್ತಡಿ ಉದ್ದ, ಎಂಟಡಿ ಅಗಲದ ಒಂದು ಪಟ್ಟಿ ನೆಲ. ಆಚೆಗೆ ನಾಲ್ಕು ಓಕ್ ಮರ, ಎತ್ತರದ ಪೈನ್ ಮರಗಳು. ಮಣ್ಣು ನೋಡಿ ನನಗೆ ಊರಿನ ನೆನಪು ಬಂತು. ಆ ಸೀಮೆಯದೂ ಕೆಂಪು ಮಣ್ಣೇ, ಆದರೆ ಜೇಡಿ. ನೆನೆದರೆ ಚಪ್ಪಲಿ ಬಿಡದು, ಒಣಗಿದರೆ ಗುದ್ದಲಿ ಇಳಿಯದು. ಆ ಪಟ್ಟಿಯಲ್ಲಿ ಹುಲ್ಲು ಬರಲೊಲ್ಲದು. ಮಳೆ ಬಂದರೆ ಮಣ್ಣು ಜಾರಿ ಕೆಳಗಿನ ಮನೆಯವರ ಅಂಗಳಕ್ಕೆ ಕೆಂಪು ಬಳಿಯುತ್ತದೆ. ಮಗಳು ಎರಡು ಸಲ ದುಡ್ಡು ಸುರಿದು ಗಿಡ ಹಾಕಿಸಿದ್ದಳು. ಅಜೇಲಿಯಾ ಹಾಕಿದಳು, ಹೋಸ್ಟಾ ಎಂಬ ಅಗಲೆಲೆಯ ಗಿಡ ಹಾಕಿದಳು. ಎರಡನ್ನೂ ಜಿಂಕೆ ತಿಂದವು. ಹೌದು, ಪಟ್ಟಣದ ಮಧ್ಯದಲ್ಲೇ ಜಿಂಕೆ! ನಮ್ಮಲ್ಲಿ ಹಂದಿ, ನವಿಲು, ಕರಡಿ ಬರುವ ಹಾಗೆ ಅಲ್ಲಿ ಸಂಜೆಯಾದರೆ ಬಿಳಿಬಾಲದ ಜಿಂಕೆಗಳು ಮನೆಮನೆ ತಿರುಗುತ್ತವೆ. ಓಡಿಸಿದರೆ ಓಡುವುದಿಲ್ಲ, ತಿರುಗಿ ನೋಡುತ್ತವೆ.

ಹಿಂದಿನ ದಿಕ್ಕಿಗೆ ಬಿಸಿಲೇ ಬೀಳುವುದಿಲ್ಲ ಎಂದು ಮಗಳು ಹೇಳಿದಾಗ ನಾನು ನಂಬಲಿಲ್ಲ. ನಮ್ಮೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಬಡಗಣಕ್ಕೆ ವಾಲುತ್ತಾನೆ. ಬಡಗಣ ಗೋಡೆಗೂ ಅವನ ಪಾಲು ಸಿಗುತ್ತದೆ. ರಾಲಿಯಲ್ಲಿ ಹಾಗಲ್ಲ. ಅದು ಹೆಚ್ಚುಕಮ್ಮಿ 36 ಡಿಗ್ರಿ ಉತ್ತರದಲ್ಲಿದೆ. ವರ್ಷದ ಯಾವ ದಿನವೂ ಮಧ್ಯಾಹ್ನದ ಸೂರ್ಯ ತೆಂಕಣದಲ್ಲೇ. ಡಿಸೆಂಬರಿನಲ್ಲಂತೂ ಇಪ್ಪತ್ತಡಿ ಎತ್ತರದ ಮನೆಯ ನೆರಳು ಮಧ್ಯಾಹ್ನವೇ ಮೂವತ್ತಡಿ ದಾಟಿ ಚಾಚಿರುತ್ತದೆ. ನಾನು ಕೋಲು ನೆಟ್ಟು ಅಳೆದೆ. ಬೇಸಿಗೆಯಲ್ಲಿ ಮಾತ್ರ ಬೆಳಗ್ಗೆ ಈಶಾನ್ಯದಿಂದ, ಸಂಜೆ ವಾಯವ್ಯದಿಂದ ಓರೆಯಾಗಿ ಒಂದಿಷ್ಟು ಬೆಳಕು ಹಾಯುತ್ತದಂತೆ.

ಇಲ್ಲಿ ಒಂದು ಮಾತು. ಕನ್ನಡದಲ್ಲಿ ‘ನೆರಳು’ ಅಂದರೆ ಮರದ ಕೆಳಗಿನ ತಂಪೂ ಹೌದು, ಮನುಷ್ಯನ ಹಿಂದೆ ಬರುವ ಕಪ್ಪೂ ಹೌದು. ತೆಲುಗಿನ ‘ನೀಡ’ವೂ ಹಾಗೇ ಎರಡಕ್ಕೂ ಒಂದೇ. ಇಂಗ್ಲಿಷಿನವರು ಶೇಡ್ ಬೇರೆ, ಶಾಡೋ ಬೇರೆ ಮಾಡಿಕೊಂಡಿದ್ದಾರೆ. ಸಾಲದ್ದಕ್ಕೆ ಅವರ ತೋಟಗಾರರು ಶೇಡನ್ನೂ ಪೂರಾ, ಅರೆ, ಚುಕ್ಕಿ ಬಿಸಿಲಿನದು ಎಂದು ಸೀಳಿ ಗಿಡದ ಚೀಟಿಯ ಮೇಲೆ ಅಚ್ಚು ಹಾಕಿಸುತ್ತಾರೆ. ಎಲೆಗಳ ಸಂದಿನಿಂದ ಚುಕ್ಕಿ ಚುಕ್ಕಿಯಾಗಿ ಬಿಸಿಲು ಉದುರುವ ನೆರಳಿಗೆ ನಾನು ‘ಜರಡಿ ನೆರಳು’ ಅಂತ ಹೆಸರಿಟ್ಟುಕೊಂಡೆ. ಎರಡು ಭಾಷೆಯಲ್ಲಿ ಪದ್ಯ ಬರೆದು ಎರಡರಲ್ಲೂ ಕಾಸು ಕಾಣದವನಿಗೆ ಇಷ್ಟಾದರೂ ಹಕ್ಕು ಬೇಡವೆ?

ಮಗಳಿಗೆ ಬೇಕಾದದ್ದು ಇಷ್ಟು: ನೆರಳಿನಲ್ಲಿ ಬದುಕಬೇಕು, ಚಳಿಗಾಲದಲ್ಲೂ ಎಲೆ ಉದುರಬಾರದು, ಜಿಂಕೆ ಮುಟ್ಟಬಾರದು, ಮಣ್ಣು ಹಿಡಿಯಬೇಕು, ಕಿಟಕಿ ಮುಚ್ಚುವಷ್ಟು ಎತ್ತರಕ್ಕೆ ಹೋಗಬಾರದು. ಇಷ್ಟೆಲ್ಲ ಗುಣ ಇರುವ ಅಳಿಯ ಸಿಗುವುದೇ ಕಷ್ಟ, ಗಿಡ ಎಲ್ಲಿ ಸಿಗುತ್ತದೆ ಎಂದುಕೊಂಡಿದ್ದೆ. ಸಿಕ್ಕಿತು. ರಾಲಿಯಲ್ಲೇ ಜೆ. ಸಿ. ರಾಲ್‌ಸ್ಟನ್ ಆರ್ಬೊರೇಟಂ ಅಂತ ಒಂದು ಸಸ್ಯತೋಟವಿದೆ. ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯ ತೋಟಗಾರಿಕೆ ಮೇಷ್ಟ್ರು ರಾಲ್‌ಸ್ಟನ್ 1976ರಲ್ಲಿ ಶುರು ಮಾಡಿದ್ದು. ಎಲ್ಲೆಲ್ಲಿಂದಲೋ ಗಿಡ ತರಿಸಿ, ಆ ಸೆಕೆಗೂ ಆ ಜೇಡಿಗೂ ಯಾವುದು ತಾಳುತ್ತದೆ ಎಂದು ಬೆಳೆಸಿ ನೋಡಿ, ತಾಳಿದ್ದನ್ನು ನರ್ಸರಿಯವರಿಗೆ ಹಂಚುವುದೇ ಅವರ ಕೆಲಸವಾಗಿತ್ತು. 1996ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಮುಂದೆ ತೋಟಕ್ಕೆ ಅವರ ಹೆಸರಿಟ್ಟರು. ಒಳಗೆ ಹೋಗಲು ಟಿಕೆಟ್ಟಿಲ್ಲ. ನಾನು ಹತ್ತಾರು ಸಲ ಹೋದೆ.

ಪ್ಲಮ್ ಯೂ ಹೆಸರು ಹೀಗಿದ್ದರೂ ಅದು ಪ್ಲಮ್ ಅಲ್ಲ, ನಿಜವಾದ ಯೂ ಕೂಡ ಅಲ್ಲ. ಯೂ ಮರದ ಹತ್ತಿರದ ನೆಂಟ. ಶಾಸ್ತ್ರದ ಹೆಸರು ಸೆಫಲೊಟ್ಯಾಕ್ಸಸ್. ಗ್ರೀಕಿನಲ್ಲಿ ‘ಸೆಫಲೆ’ ಅಂದರೆ ತಲೆ, ಟ್ಯಾಕ್ಸಸ್ ಅಂದರೆ ಯೂ. ಗಂಡು ಗಿಡದಲ್ಲಿ ಪರಾಗದ ಮೊಗ್ಗುಗಳು ಚಿಕ್ಕ ತಲೆಗಳ ಹಾಗೆ ಗುಂಪುಗೂಡುತ್ತವೆ, ಅದಕ್ಕೆ ಈ ಹೆಸರು. ಹೆಣ್ಣು ಗಿಡ ಬೇರೆ, ಗಂಡು ಗಿಡ ಬೇರೆ. ಹೆಣ್ಣು ಗಿಡದಲ್ಲಿ ಹೆಬ್ಬೆರಳ ತುದಿಯಷ್ಟು ದಪ್ಪದ, ಎಣ್ಣೆಗೆಂಪು ಸಿಪ್ಪೆಯ ಬೀಜ ಬಿಡುತ್ತದೆ. ಪ್ಲಮ್ ಎಂಬುದು ಅದರಿಂದ ಬಂತು. ಆ ಬೀಜ ಮಾಗಲು ಎರಡನೆಯ ವರ್ಷದ ತನಕ ಕಾಯಬೇಕು. ಎಲೆ ನಮ್ಮ ಹುಣಸೆಯ ಗರಿಯಂತೆ ಎರಡು ಸಾಲಿನಲ್ಲಿ ಜೋಡಿಸಿದ ಹಾಗಿದೆ, ಆದರೆ ಪ್ರತಿ ಎಲೆಯೂ ಸೂಜಿಯಂತೆ ನೀಳ, ಒಂದೆರಡು ಅಂಗುಲ ಉದ್ದ. ಮೇಲೆ ಕಡುಹಸಿರು, ತಿರುವಿ ನೋಡಿದರೆ ಎರಡು ಬೂದುಬಿಳಿ ಗೆರೆ.

ತೋಟಗಳಲ್ಲಿ ಜಾಸ್ತಿ ಕಾಣುವ ಜಾತಿಯ ತವರು ಜಪಾನ್, ಕೊರಿಯಾ ಕಾಡುಗಳ ದೊಡ್ಡ ಮರಗಳ ಅಡಿ. ಅದಕ್ಕೆ ಹ್ಯಾರಿಂಗ್ಟೋನಿಯಾ ಎಂಬ ಹೆಸರು ಇಂಗ್ಲೆಂಡಿನ ಅರ್ಲ್ ಆಫ್ ಹ್ಯಾರಿಂಗ್ಟನ್ ಎಂಬ ಜಮೀನುದಾರನಿಂದ ಬಂದದ್ದು. ಡರ್ಬಿಶೈರಿನ ಎಲ್ವಾಸ್ಟನ್ ಕೋಟೆಯಲ್ಲಿ ಅವನಿಗೆ ಇಂಥ ನಿತ್ಯಹಸಿರು ಗಿಡಗಳ ದೊಡ್ಡ ತೋಟವಿತ್ತು. ದೊಡ್ಡವರ ಹೆಸರು ಗಿಡಕ್ಕೆ ಅಂಟಿತು. ಆದರೆ ನನಗೆ ಹಿಡಿಸಿದ್ದು ಜಪಾನೀಯರೇ ಇಟ್ಟುಕೊಂಡ ಹೆಸರು. ಅವರು ಇದನ್ನು ‘ಇನುಗಯಾ’ ಅನ್ನುತ್ತಾರೆ. ‘ಇನು’ ಅಂದರೆ ನಾಯಿ. ‘ಕಯಾ’ ಎಂಬುದು ಇದನ್ನೇ ಹೋಲುವ ಬೇರೊಂದು ಮರ; ಅದರ ಬೀಜ ತಿನ್ನಲು ಬರುತ್ತದೆ, ಅದರ ಹಲಗೆ ಅವರ ‘ಗೋ’ ಆಟದ ಮಣೆಗೆ ಬಹಳ ಶ್ರೇಷ್ಠ. ಇದರದು ಅಂಥ ಯೋಗ್ಯತೆಯಲ್ಲ, ಅದಕ್ಕೆ ನಾಯಿಕಯಾ! ನಮ್ಮಲ್ಲಿ ನಾಯಿತುಳಸಿ, ನಾಯಿಸಾಸಿವೆ ಇಲ್ಲವೆ? ತೆಲುಗಿನಲ್ಲೂ ಕುಕ್ಕತುಳಸಿ, ಕುಕ್ಕವಾಮಿಂಟ. ಜಪಾನಿನ ರೈತನೂ ನಮ್ಮ ರೈತನೂ ಒಬ್ಬರ ಮುಖ ಒಬ್ಬರು ನೋಡದೆ, ಕೈಗೆ ಹತ್ತದ ಗಿಡಕ್ಕೆ ಒಂದೇ ಪ್ರಾಣಿಯ ಹೆಸರಿಟ್ಟಿದ್ದಾರೆ. ಪಾಪ, ನಾಯಿ ಏನು ಮಾಡಿತ್ತೋ! ಅಷ್ಟು ಹೀಗಳೆದರೂ ಹಳೆಯ ಕಾಲದಲ್ಲಿ ಆ ಬೀಜದ ಎಣ್ಣೆಯಲ್ಲಿ ದೀಪ ಹಚ್ಚುತ್ತಿದ್ದರು, ನಾವು ಹೊಂಗೆ ಎಣ್ಣೆ ಹಚ್ಚುತ್ತಿದ್ದ ಹಾಗೆ.

ನಿಜವಾದ ಯೂ ಗಿಡ ಅಮೆರಿಕದ ಉತ್ತರದ ಚಳಿ ಊರುಗಳಲ್ಲಿ ಬೇಲಿಗೆ, ಮನೆ ಮುಂದಕ್ಕೆ ಧಾರಾಳ. ದಕ್ಷಿಣದ ಸೆಕೆಗೆ, ನೀರು ನಿಲ್ಲುವ ಜೇಡಿಗೆ ಅದು ಸೊರಗುತ್ತದೆ. ಮನುಷ್ಯನಿಗೂ ದನಕ್ಕೂ ವಿಷವಾದ ಅದನ್ನು ಜಿಂಕೆ ಮಾತ್ರ ಸೊಗಸಾಗಿ ಮೇಯುತ್ತದೆ. ಪ್ಲಮ್ ಯೂ ಇವೆರಡರಲ್ಲೂ ಉಲ್ಟಾ. ಸೆಕೆ ತಡೆಯುತ್ತದೆ, ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯನ್ನೂ ತಡೆಯುತ್ತದೆ. ಜಿಂಕೆ ಮೂಸಿ ನೋಡಿ ಮುಂದೆ ಹೋಗುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಅಂತೇವೆ, ಆದರೆ ಆಡುಸೋಗೆಯನ್ನು ಆಡು ಬಿಟ್ಟು ನಡೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಇದು ಜಿಂಕೆಯ ಆಡುಸೋಗೆ ಅಂತ ಇಟ್ಟುಕೊಳ್ಳಿ. ಹೊಸ ಚಿಗುರನ್ನು ಹಸಿದ ಜಿಂಕೆ ಒಂದು ಬಾಯಿ ಕಚ್ಚಬಹುದು, ಪೂರ್ತಿ ಮೇಯುವುದಿಲ್ಲ. ಇನ್ನೊಂದು ಗುಣ: ಇಂಥ ಸೂಜಿಯೆಲೆ ಜಾತಿಗಳಲ್ಲಿ ಬಹುಪಾಲು, ಎಲೆಯಿಲ್ಲದ ಹಳೆಯ ಕಟ್ಟಿಗೆಯ ತನಕ ಕತ್ತರಿಸಿದರೆ ಮತ್ತೆ ಚಿಗುರವು. ಇದು ಬುಡಕ್ಕೆ ಕತ್ತರಿಸಿದರೂ ಚಿಗುರುತ್ತದೆ.

ಬಿಸಿಲಿನ ವಿಷಯದಲ್ಲಿ ಮಾತ್ರ ಇದು ನಮ್ಮ ಅಡಿಕೆಯ ಸ್ವಭಾವ. ಅಡಿಕೆಗೆ ನೈರುತ್ಯದ ಇಳಿಹೊತ್ತಿನ ಬಿಸಿಲು ಬಡಿದರೆ ಕಾಂಡ ಸುಟ್ಟು ಸೀಳುತ್ತದೆ. ಅದಕ್ಕೇ ಆ ಅಂಚಿಗೆ ಎತ್ತರದ ಮರ ಹಾಕುತ್ತೇವೆ, ಎಳೆ ಮರಕ್ಕೆ ಸುಣ್ಣ ಬಳಿಯುತ್ತೇವೆ. ಪ್ಲಮ್ ಯೂಗೂ ಬೆಳಗಿನ ಬಿಸಿಲು ಹಿತ, ದಕ್ಷಿಣದ ರಾಜ್ಯಗಳ ಇಳಿಹೊತ್ತಿನ ಬಿಸಿಲು ಬಿದ್ದರೆ ಎಲೆ ಹಳದಿಗಟ್ಟುತ್ತದೆ.

ಇದರ ದೊಡ್ಡ ಕೊರತೆ ನಿಧಾನ. ಎಳೆಯ ಗಿಡ ವರ್ಷಕ್ಕೆ ನಾಲ್ಕು ಬೆರಳು ಬೆಳೆದರೆ ಹೆಚ್ಚು. ಬೀಜದಿಂದ ಎಬ್ಬಿಸಲು ಹೋದರೆ ಮೊಳಕೆ ಕಾಣುವುದಕ್ಕೇ ಎರಡು ವರ್ಷ ಹಿಡಿಯಬಹುದು. ನರ್ಸರಿಯವರು ಚಳಿಗಾಲದಲ್ಲಿ ಕಡ್ಡಿ ಕತ್ತರಿಸಿ, ಬೇರು ಬರಿಸುವ ಪುಡಿ ಮುಟ್ಟಿಸಿ ನೆಡುತ್ತಾರೆ. ಅದಕ್ಕೂ ತಿಂಗಳುಗಟ್ಟಲೆ ಬೇಕು. ಅದರಲ್ಲೊಂದು ಸೋಜಿಗವಿದೆ. ಅಡ್ಡ ರೆಂಬೆಯ ಕಡ್ಡಿ ನೆಟ್ಟರೆ ಗಿಡ ಜೀವನಪೂರ್ತಿ ಅಡ್ಡಡ್ಡವೇ ಹರಡುತ್ತದೆ. ನೆಟ್ಟಗೆ ನಿಂತ ರೆಂಬೆಯ ಕಡ್ಡಿ ನೆಟ್ಟರೆ ನೆಟ್ಟಗೇ ಏಳುತ್ತದೆ. ನೆಲಕ್ಕೆ ಹಾಸಿದಂತೆ ಎರಡು ಮೂರಡಿ ಎತ್ತರಕ್ಕೆ ನಿಲ್ಲುವ ತಳಿ ‘ಪ್ರಾಸ್ಟ್ರೇಟಾ’. ಕಂಬದ ಹಾಗೆ ಏಳುವುದು ‘ಫಾಸ್ಟಿಜಿಯೇಟಾ’. ನಡುಮಟ್ಟದ್ದು ‘ಡ್ಯೂಕ್ ಗಾರ್ಡನ್ಸ್’. ಅದು ರಾಲಿಯ ಪಕ್ಕದ ಡರ್ಹ್ಯಾಮ್‌ನಲ್ಲಿರುವ ಡ್ಯೂಕ್ ಯೂನಿವರ್ಸಿಟಿ ತೋಟದಲ್ಲಿ ಸಿಕ್ಕಿದ್ದು. ವರ್ಷಾನುಗಟ್ಟಲೆ ಸಾಕಿ ಮಾರುವುದರಿಂದ ಬೆಲೆಯೂ ಜೋರು. ಮೂರು ಗ್ಯಾಲನ್ ಕುಂಡದ ಒಂದು ಗಿಡಕ್ಕೆ ನಲವತ್ತು ಡಾಲರಿನ ಮೇಲೆ ಹೇಳಿದರು. ನಾನು ಮನಸ್ಸಿನಲ್ಲೇ ಅಡಿಕೆ ಸಸಿ ಲೆಕ್ಕ ಹಾಕಿ ಬಾಯಿ ಮುಚ್ಚಿಕೊಂಡೆ.

ಮಗಳು ಬಾಯಿ ಮುಚ್ಚಲಿಲ್ಲ. ‘ಅಪ್ಪಾ, ಇಷ್ಟು ನಿಧಾನದ ಗಿಡ ಹಾಕಿಸ್ತಾ ಇದ್ದೀಯಲ್ಲ, ಅದು ಮೊಣಕಾಲುದ್ದ ಆಗೋ ಹೊತ್ತಿಗೆ ನಾವು ಈ ದೇಶದಲ್ಲಿ ಇರ್ತೀವೋ ಇಲ್ಲವೋ’ ಅಂದಳು.

ಆ ಮಾತು ಬರಿಯ ಬೇಸರದ್ದಲ್ಲ. ಅಲ್ಲಿ ಕಾಯಂ ಆಗಿ ಇರಲು ಗ್ರೀನ್ ಕಾರ್ಡ್ ಬೇಕು. ಉದ್ಯೋಗದ ಲೆಕ್ಕದಲ್ಲಿ ಕೊಡುವ ಕಾರ್ಡುಗಳಲ್ಲಿ ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ವರ್ಷಕ್ಕೆ ನೂರಕ್ಕೆ ಏಳಕ್ಕಿಂತ ಜಾಸ್ತಿ ಪಾಲು ಇಲ್ಲ ಎಂಬುದು ಕಾನೂನು. ಭಾರತದಲ್ಲಿ ಹುಟ್ಟಿದವರ ಸಾಲು ಹತ್ತು ವರ್ಷಕ್ಕೂ ಮೀರಿ ಹಿಂದೆ ಬಿದ್ದಿದೆ. ಮೂರು ವರ್ಷಕ್ಕೊಮ್ಮೆ ವೀಸಾ ಮುಂದುವರಿಸಿಕೊಂಡು ಇರಬೇಕು. ಕೆಲಸ ಹೋದರೆ ಅರವತ್ತು ದಿನದೊಳಗೆ ಬೇರೆ ದಾರಿ ನೋಡಬೇಕು. ಮನೆ ಸ್ವಂತದ್ದು, ಸಾಲವೂ ಸ್ವಂತದ್ದು, ಕಾಲ ಮಾತ್ರ ಬೇರೆಯವರದು. ಮೊಮ್ಮಗ ಅಲ್ಲೇ ಹುಟ್ಟಿದವನು, ಅವನಿಗೆ ಈ ತೊಡಕಿಲ್ಲ. ‘ತಾತಾ, ಹಣ್ಣು ಯಾವಾಗ ಬಿಡುತ್ತೆ’ ಅನ್ನುವುದಷ್ಟೇ ಅವನ ಪ್ರಶ್ನೆ. ಹಣ್ಣು ಬಿಟ್ಟರೂ ತಿನ್ನಬಾರದು ಕಂದಾ ಅಂದೆ. ಈ ಜಾತಿಯ ಎಲೆ, ತೊಗಟೆ, ಬೀಜಗಳಲ್ಲಿ ಕಡುವಾದ ರಸಗಳಿವೆ.

ಆ ಕಡು ರಸದ ಕಥೆಯನ್ನೂ ಹೇಳಬೇಕು. 1970ರ ಸುಮಾರಿಗೆ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಈ ಗಿಡದಿಂದ ಹೋಮೋಹ್ಯಾರಿಂಗ್ಟೊನಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಚೀನಾದ ವೈದ್ಯರು ಆ ದಶಕದಿಂದಲೇ ರಕ್ತದ ಕ್ಯಾನ್ಸರಿಗೆ ಅದನ್ನು ಬಳಸತೊಡಗಿದರು. ನಮ್ಮ ದಾಯಾದಿಯೊಬ್ಬರಿಗೆ ದೀರ್ಘಕಾಲದ ರಕ್ತದ ಕ್ಯಾನ್ಸರ್ ಬಂದು, ದಿನಾ ಮಾತ್ರೆ ನುಂಗುತ್ತ ಇವತ್ತಿಗೂ ಹೊಲ ಉಳುತ್ತಿದ್ದಾರೆ. ಅದು ಬೇರೆ ಔಷಧಿ. ಅಂಥ ಮಾತ್ರೆಗಳು ಎರಡು ಬಗೆಯವು ಸೋತ ರೋಗಿಗಳಿಗೆ ಈ ಗಿಡದ ಮೂಲದ ಇಂಜೆಕ್ಷನ್ನಿಗೆ 2012ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದನ್ನು ತಯಾರಿಸುವುದು ಎಲೆಯಿಂದ ತೆಗೆದ ವಸ್ತುವಿಗೆ ರಾಸಾಯನಿಕ ಜೋಡಿಸಿ. ಎಲೆ ಕಿತ್ತರೆ ಮತ್ತೆ ಬರುತ್ತದೆ. ತೊಗಟೆಗಾಗಿ, ಮರಕ್ಕಾಗಿ ಕಡಿದದ್ದು ಮಾತ್ರ ಮತ್ತೆ ಬರಲಿಲ್ಲ. ಚೀನಾದ ಹೈನಾನ್ ದ್ವೀಪದ ಪ್ಲಮ್ ಯೂ ಇವತ್ತು ಅಳಿವಿನ ಅಂಚಿನ ಪಟ್ಟಿಯಲ್ಲಿದೆ.

ಈ ಕುಟುಂಬ ನಮ್ಮ ದೇಶಕ್ಕೂ ಹೊರಗಿನದಲ್ಲ. ಮೇಘಾಲಯದ ಖಾಸಿ ಬೆಟ್ಟ, ನಾಗಾಲ್ಯಾಂಡ್, ಮಣಿಪುರ, ಅರುಣಾಚಲದ ಕಾಡುಗಳಲ್ಲಿ ಇದರ ಅಣ್ಣತಮ್ಮಂದಿರಿದ್ದಾರೆ. ಒಂದಕ್ಕೆ ಅಸ್ಸಾಮಿನಲ್ಲಿ ಅರಣ್ಯಾಧಿಕಾರಿಯಾಗಿದ್ದ ಗುಸ್ತಾವ್ ಮಾನ್ ಹೆಸರು, ಇನ್ನೊಂದಕ್ಕೆ ಸಸ್ಯಶಾಸ್ತ್ರಿ ವಿಲಿಯಂ ಗ್ರಿಫಿತ್ ಹೆಸರು. ಅಲ್ಲೂ ಕಾಡು ಕಡಿದಂತೆ ಕಮ್ಮಿಯಾಗುತ್ತಿವೆ. ದೊಡ್ಡ ಮರದ ಅಡಿಯಲ್ಲಿ ಬೆಳೆಯುವ ಗಿಡಕ್ಕೆ ದೊಡ್ಡ ಮರ ಹೋದರೆ ಇನ್ನೇನು ಗತಿ? ಅಡಿಕೆ ಒಣಗಿದ ತೋಟದಲ್ಲಿ ಎಲೆಬಳ್ಳಿ ಎಷ್ಟು ದಿನ ಉಳಿಯಿತು ಎಂದು ನಮ್ಮವರಿಗೆ ಕೇಳಿದರೆ ಸಾಕು.

ಮಗಳ ಮಾತಿಗೆ ನಾನು ಉತ್ತರ ಕೊಡಲಿಲ್ಲ. ನಾಲ್ಕು ದಿನ ಬಿಟ್ಟು ಅವಳೇ ಕಾರು ತೆಗೆದು ನರ್ಸರಿಗೆ ಕರೆದುಕೊಂಡು ಹೋದಳು. ತಾನು ಕೂತು ಕೆಲಸ ಮಾಡುವ ಕಿಟಕಿಯ ಕೆಳಗೆ ಮೂರು ಗ್ಯಾಲನ್ನಿನ ಐದು ‘ಡ್ಯೂಕ್ ಗಾರ್ಡನ್ಸ್’, ಮಣ್ಣು ಜಾರುವ ಕೊನೆಗೆ ಚಿಕ್ಕ ಕುಂಡದ ಏಳು ‘ಪ್ರಾಸ್ಟ್ರೇಟಾ’ ಅಂತ ತೀರ್ಮಾನಿಸಿದಳು. ‘ಕಣ್ಣೆದುರಿನದು ಈಗಲೇ ಕಾಣಲಿ, ಆ ಕಡೆಯದು ಯಾರು ನೋಡ್ತಾರೋ ನೋಡಲಿ’ ಅಂದಳು. ಅಳಿಯ ಏನೂ ಅನ್ನದೆ ದುಡ್ಡು ಕೊಟ್ಟರು.

ಅಕ್ಟೋಬರ್ ಕೊನೆಯಲ್ಲಿ ನೆಟ್ಟೆವು. ಅಲ್ಲಿ ಅದೇ ಸಕಾಲ. ಮೇಲೆ ತಂಪು, ನೆಲ ಇನ್ನೂ ಬೆಚ್ಚಗಿರುತ್ತದೆ, ಬೇರು ಇಳಿಯುತ್ತದೆ. ಗುಂಡಿ ಅಗಲಕ್ಕೆ ತೋಡಬೇಕು, ಆಳಕ್ಕಲ್ಲ. ಜೇಡಿಯಲ್ಲಿ ಆಳ ತೋಡಿ ಒಳ್ಳೆಯ ಮಣ್ಣು ತುಂಬಿದರೆ ಅದು ಬಾನಿಯ ಹಾಗೆ ನೀರು ಹಿಡಿದು ಬೇರು ಕೊಳೆಯುತ್ತದೆ. ಬೇರಿನ ಉಂಡೆ ನೆಲಮಟ್ಟಕ್ಕಿಂತ ಒಂದು ಅಂಗುಲ ಮೇಲೆಯೇ ಇರಬೇಕು. ಕುಂಡದೊಳಗೆ ಸುತ್ತಿಕೊಂಡ ಬೇರನ್ನು ಬೆರಳಿನಿಂದ ಬಿಡಿಸಿದೆ. ಇಳಿಜಾರಿಗೆ ಅಡ್ಡವಾಗಿ ನಮ್ಮ ಹೊಲದ ಬದುವಿನ ಹಾಗೆ ಕಲ್ಲು ಜೋಡಿಸಿದೆ.

ನೆರಳು ಅಂದ ಕೂಡಲೆ ತೇವ ಅಂತ ತಿಳಿಯಬಾರದು. ಓಕ್ ಮರದ ಬೇರು ಮೇಲ್ಮಣ್ಣಿನಲ್ಲೇ ಹರಡಿ ಬಿದ್ದ ನೀರನ್ನೆಲ್ಲ ಕುಡಿಯುತ್ತದೆ. ಅದು ಒಣ ನೆರಳು. ಬೇರು ಹಿಡಿದ ಮೇಲೆ ಪ್ಲಮ್ ಯೂ ಬರವನ್ನೂ ತಾಳುತ್ತದೆ, ಮೊದಲ ಎರಡು ಬೇಸಿಗೆ ಮಾತ್ರ ವಾರಕ್ಕೊಮ್ಮೆ ತಳ ಮುಟ್ಟುವ ನೀರು ಬೇಕು. ಅನಂತಪುರ ಸೀಮೆಯವನಿಗೆ ಡ್ರಿಪ್ ಎಳೆಯುವುದು ಯಾರೂ ಕಲಿಸಬೇಕಿಲ್ಲ. (ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಬಾಯಿಗೆ ಇನ್ನೂ ಅನಂತಪುರವೇ ಬರುತ್ತದೆ.) ಹನ್ನೆರಡು ಗಿಡಕ್ಕೂ ಪೈಪು ಎಳೆದು ನಲ್ಲಿಗೆ ಗಡಿಯಾರದ ತಿರುಪು ಹಾಕಿಸಿದೆ. ಆ ಊರಿನಲ್ಲಿ ಉದುರಿದ ಓಕ್ ಎಲೆಯನ್ನು ಜನ ಗುಡಿಸಿ ರಸ್ತೆ ಬದಿಗೆ ರಾಶಿ ಹಾಕುತ್ತಾರೆ, ಮುನಿಸಿಪಾಲಿಟಿಯ ಲಾರಿ ಬಂದು ಹೀರಿಕೊಂಡು ಹೋಗುತ್ತದೆ. ಹೊನ್ನಿನಂಥ ಗೊಬ್ಬರ! ನಾನು ನಮ್ಮ ರಾಶಿಯನ್ನೆಲ್ಲ ಗಿಡಗಳ ಬುಡಕ್ಕೆ ಹರಡಿದೆ, ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ಬಿಟ್ಟು. ಕೆಳಗಿನ ಮನೆಯ ಮುದುಕರು ಬೇಲಿಯಾಚೆ ನಿಂತು ನೋಡಿ ಹೋದರು. ಮಾರನೆಯ ವಾರ ಅವರ ಎಲೆ ರಾಶಿಯನ್ನೂ ನಮ್ಮ ಕಡೆಗೇ ತಳ್ಳಿದರು.

ಊರಿಗೆ ಒಂದು ಕಡ್ಡಿ ತರಬಹುದಿತ್ತಲ್ಲ ಅಂತ ಕೇಳಿದವರಿದ್ದಾರೆ. ತರುವ ಹಾಗಿಲ್ಲ. ಅನುಮತಿ, ರೋಗವಿಲ್ಲವೆಂಬ ಸರ್ಟಿಫಿಕೇಟು ಇಲ್ಲದೆ ಗಿಡದ ಕಡ್ಡಿ ದೇಶದೊಳಗೆ ತರುವುದು ಅಪರಾಧ, ಅದು ಸರಿಯಾದದ್ದೇ. ತಂದರೂ ನಮ್ಮ ಬಯಲಿನಲ್ಲಿ ಅದಕ್ಕೆ ಬೇಕಾದ ಚಳಿಗಾಲ ಎಲ್ಲಿದೆ? ನಮ್ಮ ಬಡಗಣ ಗೋಡೆಗೆ ಆಡುಸೋಗೆ ಸಾಕು. ಕೆಮ್ಮಿಗೂ ಆಯಿತು.

2025ರ ಏಪ್ರಿಲಿನಲ್ಲಿ ಮಗಳು ಫೋಟೊ ಕಳಿಸಿದಳು. ಹನ್ನೊಂದು ಗಿಡಗಳ ತುದಿಯಲ್ಲಿ ಎಳೆಹಸಿರು ಚಿಗುರು. ಮೊಮ್ಮಗ ಸ್ಕೂಲಿನ ಸ್ಕೇಲು ಹಿಡಿದು ಅಳೆದಿದ್ದಾನೆ, ಮೂರೂವರೆ ಅಂಗುಲ. ಮಣ್ಣು ಜಾರುವುದು ನಿಂತಿದೆ. ಕಾರ್ಡಿನ ಸಾಲು ಹೆಚ್ಚೇನೂ ಮುಂದೆ ಸರಿದಿಲ್ಲ. ಹನ್ನೆರಡನೆಯ ಗಿಡ ಹಳದಿಯಾಗಿ ಸತ್ತಿದೆ. ಮಾಡು ರಿಪೇರಿಗೆ ಬಂದವರು ಮಳೆನೀರಿನ ಕೊಳವೆಯನ್ನು ತಿರುಗಿಸಿ ಅದರ ಬುಡಕ್ಕೇ ಬಿಟ್ಟು ಹೋಗಿದ್ದಾರೆ. ಆ ಜಾಗಕ್ಕೆ ಏನು ಹಾಕಲಿ ಎಂದು ಮಗಳು ಕೇಳಿದ್ದಾಳೆ. ಮೊದಲು ಕೊಳವೆ ತಿರುಗಿಸಮ್ಮಾ, ಆಮೇಲೆ ಅದೇ ಗಿಡ ಹಾಕು ಅಂದಿದ್ದೇನೆ.